ಮೂರು ಕೂಗಿನ ಡ್ರಿಲ್ ಮಾಸ್ಟ್ರು

ಡ್ರಿಲ್ ಮಾಸ್ಟ್ರ ಹೊಟ್ಟೆಯ ಮೇಲೆ ಯಾವಾಗಲೂ ಒಂದು ದಾರ ಇಳಿಬಿದ್ದಿರುತ್ತಿತ್ತು. ದಾರದ ತುದಿಯಲ್ಲಿ ಎರಡು ವಸ್ತುಗಳು: ಒಂದು ಹಳೆಯ ಕಬ್ಬಿಣದ ಸೀಟಿ, ಇನ್ನೊಂದು ಗಾಜು ಮಸುಕಾದ ದಿಕ್ಸೂಚಿ. ಮಾಸ್ಟ್ರು ಉಸಿರು ಎಳೆದುಕೊಂಡರೆ ಹೊಟ್ಟೆಯ ಜೊತೆಗೆ ಎರಡೂ ಮೇಲೇಳುತ್ತಿದ್ದವು, ಬಿಟ್ಟರೆ ಟಕ್ಕೆಂದು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಹೊಟ್ಟೆಯ ಕೆಳಗೆ ಕಡ್ಡಿಯಂತಹ ಎರಡು ಕಾಲು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ನಮ್ಮ ಕೆಂಪುಮಣ್ಣಿನಲ್ಲಿ ಬಿಳಿ ಶೂ ಹಾಕುವ ಧೈರ್ಯ ಇನ್ಯಾರಿಗೆ ಬರಬೇಕು? ಶನಿವಾರ ಬೆಳಿಗ್ಗೆ ಗೇಟಿನ ಬಳಿ ಆ ಟಕ್ ಟಕ್ ಕೇಳಿತೆಂದರೆ ಮಕ್ಕಳು ಕುಣಿಯುತ್ತಿದ್ದರು. ನಾನು ಹಣೆ ಚಚ್ಚಿಕೊಂಡು ಕೊಡೆ ಹುಡುಕುತ್ತಿದ್ದೆ.

ಪ್ರತಿ ಶನಿವಾರ ಅವರು ಮಕ್ಕಳನ್ನು ಶಾಲೆಯ ಹಿಂದಿನ ಗುಡ್ಡೆಗೆ ಕರೆದುಕೊಂಡು ಹೋಗಿ ದಾರಿ ಹುಡುಕುವುದನ್ನು ಕಲಿಸುತ್ತಿದ್ದರು. ದಿಕ್ಕು ತಿಳಿಯುವುದು, ಗುರುತು ಇಡುವುದು, ಹಗ್ಗದ ಗಂಟು ಹಾಕುವುದು, ಮಳೆಗೆ ಮರೆಯಾಗಿ ಸೊಪ್ಪಿನ ಮಾಡು ಕಟ್ಟುವುದು, ಬೆಂಕಿ ಹೊತ್ತಿಸುವುದು. ಬಹಳ ಒಳ್ಳೆಯ ವಿಷಯಗಳೇ. ತೊಂದರೆ ಒಂದೇ. ದಾರಿ ತಪ್ಪುವುದರಲ್ಲಿ ಅವರನ್ನು ಮೀರಿಸಿದ ಮನುಷ್ಯನನ್ನು ನಾನು ಇದುವರೆಗೂ ಕಂಡಿಲ್ಲ.

ನಮ್ಮದು ಹಿರಿಯಡ್ಕ ಕಳೆದು ಪೆರ್ಡೂರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಏರು ಹತ್ತಬೇಕಾದ ಪ್ರಾಥಮಿಕ ಶಾಲೆ. ನಾನು ಉಡುಪಿಯಿಂದ ಬರುವವಳು, ಅವರು ಬಾಗಲಕೋಟೆ ಕಡೆಯಿಂದ ಬಂದವರು. ಬಂದ ಮೊದಲ ದಿನವೇ ನನ್ನನ್ನು "ಅಕ್ಕಾರ" ಎಂದು ಕರೆದು ನನ್ನ ಸಿಟ್ಟಿಗೆ ಗುರಿಯಾದರು. ತಲೆ ಅರ್ಧ ಬೆಳ್ಳಗಾದ ಮನುಷ್ಯ, ನನಗಿಂತ ಎಷ್ಟೋ ದೊಡ್ಡವರು, ನಾನು ಎಂತ ಅಕ್ಕ ಇವರಿಗೆ? ಅವರ ಊರಿನಲ್ಲಿ ಹೆಣ್ಣು ಟೀಚರನ್ನು ಹಾಗೆಯೇ ಕರೆಯುವುದೆಂದು ಐದನೆಯ ತರಗತಿಯ ರೇಣುಕಾ ಆಮೇಲೆ ನನಗೆ ತಿಳಿಸಿ ಹೇಳಿದಳು. ಅವಳೂ ಅದೇ ಕಡೆಯವಳು. ಅವಳ ಅಪ್ಪ ಅಮ್ಮ ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳು ಹಾಗೆ ಬಂದವರೇ. ಬಂದು ಆರು ತಿಂಗಳಿಗೆ ತುಳು ಕಲಿತು ನಮಗೇ ಎದುರುತ್ತರ ಕೊಡುವ ಬುದ್ಧಿವಂತರು.

"ನಮ್ಮೂರಾಗ ಮಾಳಗಿ ಮ್ಯಾಲ ನಿಂತ್ರ ಆಚಿ ಊರಿನ ಗುಡಿ ಕಳಸ ಕಾಣತೈತ್ರಿ ಅಕ್ಕಾರ," ಎಂದು ಮಾಸ್ಟ್ರು ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದರು. "ಇಲ್ಲಿ ಬಾಜೂ ಮನಿ ಕಾಣಂಗಿಲ್ಲ. ಬರೇ ಗಿಡ. ಗಿಡದ ಹಿಂದ ಗಿಡ. ಅದರ ಹಿಂದ ಮತ್ತೊಂದ ಗುಡ್ಡ."

ಅವರ ಮೊದಲ ಮಳೆಗಾಲದಲ್ಲಿ ಒಂದು ದಿನ ಪ್ರಾರ್ಥನೆ ಮುಗಿದರೂ ಮಾಸ್ಟ್ರು ಬರಲಿಲ್ಲ. ಎರಡು ಪೀರಿಯಡ್ ಕಳೆಯಿತು. ಕೊನೆಗೆ ತಡವಾಗಿ ಬಂದ ನಾಲ್ಕು ಮಕ್ಕಳು ಅವರನ್ನು ಮುಂದೆ ಬಿಟ್ಟುಕೊಂಡು, ತಪ್ಪಿಸಿಕೊಂಡ ದನವನ್ನು ಹೊಡೆದುಕೊಂಡು ಬರುವ ಹಾಗೆ ತಂದರು. ಬಸ್ ಸ್ಟಾಪಿನಿಂದ ಒಳದಾರಿ ಹಿಡಿದಿದ್ದರಂತೆ. ಮಳೆ, ಮಂಜು, ಕಾಲುದಾರಿ ಮಾಯ. ಗುಡ್ಡೆಯ ಆಚೆ ಬದಿಗೆ ಹೋಗಿಬಿಟ್ಟಿದ್ದಾರೆ. ಅಲ್ಲಿ ಕೆಂಪುಕಲ್ಲು ಕಡಿದು ಬಿಟ್ಟುಹೋದ ಹಳೆಯ ಕೋರೆ ಉಂಟು, ಮಳೆಗಾಲದಲ್ಲಿ ಅದು ಬಾಯಿತನಕ ತುಂಬಿ ನಿಲ್ಲುತ್ತದೆ. ಬೇಲಿ ಇಲ್ಲ, ಬೋರ್ಡು ಇಲ್ಲ. ಅಂಚಿನಲ್ಲಿ ಹುಲ್ಲು ಬೆಳೆದು ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದೇ ಇಲ್ಲ. ಮಾಸ್ಟ್ರ ಕೊಡೆ ಗಾಳಿಗೆ ಹಾರಿ ಅದರಲ್ಲಿ ಬಿದ್ದಾಗಲೇ ಮುಂದೆ ನೀರಿದೆ ಎಂದು ಅವರಿಗೆ ತಿಳಿದದ್ದು. ಅಲ್ಲಿಯೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಮಕ್ಕಳು ನೋಡಿ "ಸರ್, ಇಲ್ಲಿ ಎಂತ ಮಾಡುವುದು?" ಎಂದು ಕೇಳಿದಾಗ, "ಕುಂತೀನಿ" ಎಂದಷ್ಟೇ ಹೇಳಿದರಂತೆ.

ಮಕ್ಕಳು ನಕ್ಕರು, ನಾವೂ ನಕ್ಕೆವು. ಒದ್ದೆ ಅಂಗಿಯಲ್ಲಿ ನಡುಗುತ್ತಾ ಚಹಾ ಕುಡಿಯುತ್ತಿದ್ದ ಮಾಸ್ಟ್ರು ಮಾತ್ರ ನಗಲಿಲ್ಲ.

"ಅಕ್ಕಾರ, ಇನ್ನೊಂದ ಹೆಜ್ಜಿ ಇಟ್ಟಿದ್ರ ಇವತ್ತ ನೀವು ಶೋಕಸಭೆ ಮಾಡಿ ಅರ್ಧಾ ದಿವಸ ಸೂಟಿ ಕೊಡತಿದ್ರಿ. ನಾ ಮುದುಕ, ಹೆದರಿ ಕುಂತೆ. ಹುಡುಗ್ರು ಹಂಗಲ್ಲ, ಹೆದರಿದ್ರ ಓಡತಾವ. ಇವರ ಅಪ್ಪ ಅವ್ವ ಸೂಟಿ ದಿವಸಾನೂ ಕೆಲಸಕ್ಕ ಹೋಗತಾರ, ಇವು ಗೇರುಹಣ್ಣು ಅಂತ ಇದ ಗುಡ್ಡ ಹತ್ತತಾವ. ಯಾರ ಹೇಳಿಕೊಡತಾರ ಇವಕ್ಕ?"

ಶನಿವಾರದ ತರಗತಿ ಹುಟ್ಟಿದ್ದು ಹಾಗೆ. ಅದಕ್ಕೆ ಅವರು ಮೂರು ನಿಯಮ ಮಾಡಿದರು. ದಾರಿ ತಪ್ಪಿತು ಎಂದು ಗೊತ್ತಾದ ಕೂಡಲೇ ನಡೆಯುವುದನ್ನು ನಿಲ್ಲಿಸಿ ಕೂತುಕೊಳ್ಳಬೇಕು. ಹತ್ತಿರದ ಮರವನ್ನು ತಬ್ಬಿಕೊಳ್ಳಬೇಕು, ತಬ್ಬಿಕೊಂಡವರಿಗೆ ಓಡುವ ಮನಸ್ಸು ಬರುವುದಿಲ್ಲ. ಆಮೇಲೆ "ಕೂ" ಹಾಕಬೇಕು. ಎಷ್ಟು ಸಲ ಎಂದು ಅವರು ತೀರ್ಮಾನ ಮಾಡುವ ಮೊದಲೇ ನಮ್ಮೂರಿನ ಮಕ್ಕಳು ಒಟ್ಟಾಗಿ ಬೊಬ್ಬೆ ಹೊಡೆದರು: "ಒಂದು ಸಲ ಆಗುವುದಿಲ್ಲ ಸರ್! ಒಂದೇ ಸಲ ಕೂಗುವುದು ಕುಲೆ. ಅದಕ್ಕೆ ಓ ಅನ್ನಬಾರದು!" ಕುಲೆ ಎಂದರೆ ಸತ್ತವರ ಪ್ರೇತ. ಮನುಷ್ಯರಾದರೆ ಮತ್ತೆ ಕೂಗುತ್ತಾರೆ, ಪ್ರೇತ ಒಮ್ಮೆ ಕೂಗಿ ಸುಮ್ಮನಾಗುತ್ತದೆ ಎಂದು ಇಲ್ಲಿ ಎಲ್ಲ ಮನೆಯ ಅಜ್ಜಿಯರೂ ಹೇಳುತ್ತಾರೆ. ನನ್ನ ಅಜ್ಜಿಯೂ ಹೇಳಿದ್ದರು. ಮಾಸ್ಟ್ರು ಗಂಭೀರವಾಗಿ ತಲೆಯಾಡಿಸಿ, "ಹಂಗಾರ ಮೂರು. ಕುಲೆ ಜೋಡಿ ನಮಗ್ಯಾಕ ಜಗಳ?" ಎಂದರು.

ಶಾಲಾ ಸಮಿತಿಯ ಅಧ್ಯಕ್ಷರಿಗೆ ಇದೆಲ್ಲ ಸರಿ ಕಾಣಲಿಲ್ಲ. ಅವರದು ಹಿರಿಯಡ್ಕದಲ್ಲಿ ಹಾರ್ಡ್‌ವೇರ್ ಅಂಗಡಿ. ಮೊಳೆ, ತಂತಿ, ಪೈಪು ಮಾರುವವರಾದ್ದರಿಂದ ಎಲ್ಲವೂ ಗಟ್ಟಿ ಇರಬೇಕು ಅವರಿಗೆ. "ನೋಡಿ ಮಾಸ್ಟ್ರೆ, ಹಾವು ಉಂಟು, ಗುಂಡಿ ಉಂಟು. ನಾಳೆ ಹೆಚ್ಚುಕಮ್ಮಿ ಆದರೆ ಜನ ಕೇಳುವುದು ನನ್ನನ್ನು. ಮಾಡಿ, ಬೇಡ ಹೇಳುವುದಿಲ್ಲ. ಆದರೆ ಯಾರೇ ಒಬ್ಬರು ಕಳೆದುಹೋದರೂ ಆವತ್ತೇ ಬಂದ್. ಮತ್ತೆ ಒಂದು, ಹೆಣ್ಣುಮಕ್ಕಳು ಇದ್ದಾರೆ, ಒಬ್ಬರು ಟೀಚರ್ ಜೊತೆಗೆ ಹೋಗಲೇಬೇಕು."

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಉಳಿದಿಬ್ಬರು ಟೀಚರುಗಳಿಗೆ ಮಂಡಿನೋವು. ಆ ಮಂಡಿನೋವು ಅಧ್ಯಕ್ಷರು ಮಾತು ಮುಗಿಸುವಷ್ಟರಲ್ಲಿ ಶುರುವಾದದ್ದು ಎಂದು ನಾನು ಇವತ್ತಿಗೂ ಸಾಧಿಸುತ್ತೇನೆ.

ನನಗೆ ಬಿಸಿಲು ಆಗದು, ರಕ್ತ ಹೀರುವ ಇಂಬಳ ಆಗದು, ಮುಳ್ಳು ಮೊದಲೇ ಆಗದು. ಉಡುಪಿಯಲ್ಲಿ ಮಠದ ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದವಳು, ಅಪ್ಪ ದೇವಸ್ಥಾನದ ಅಡುಗೆಯವರು. ಹೆಣ್ಣುಮಕ್ಕಳು ಸೀಟಿ ಊದಬಾರದು, ಕೂ ಹಾಕಬಾರದು, ಅಂಗಳದಾಚೆಗೆ ಸ್ವರ ಹೋಗಬಾರದು ಎಂದು ಅಜ್ಜಿ ಬೆನ್ನಿಗೆ ಗುದ್ದಿ ಕಲಿಸಿದ್ದರು. ಇಂಥವಳು ಶನಿವಾರ ಶನಿವಾರ ಸೀರೆ ಎತ್ತಿ ಕಟ್ಟಿ ಗುಡ್ಡೆ ಹತ್ತಬೇಕಾಯಿತು. ಮಕ್ಕಳು ಕೂ ಹಾಕುವುದನ್ನು ಅಭ್ಯಾಸ ಮಾಡುವಾಗ ನಾನು ಮಾತ್ರ ತುಟಿ ಬಿಗಿದು ಆಕಾಶ ನೋಡುತ್ತಾ ನಿಲ್ಲುತ್ತಿದ್ದೆ.

ಪಾಠಗಳಾದರೂ ಎಂಥವು! ಮರದ ಕಾಂಡದ ಉತ್ತರ ಬದಿಗೆ ಪಾಚಿ ಹೆಚ್ಚು ಬೆಳೆಯುತ್ತದೆ ಎಂದು ಮಾಸ್ಟ್ರು ಎಲ್ಲಿಯೋ ಓದಿಕೊಂಡು ಬಂದಿದ್ದರು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಪಾಚಿ ಬೆಳೆಯದ ಬದಿ ಯಾವುದುಂಟು? ಮರದ ಸುತ್ತ ಪಾಚಿ, ಶಾಲೆಯ ಗೋಡೆಗೆ ಪಾಚಿ, ಮೆಟ್ಟಿಲಿಗೆ ಪಾಚಿ. "ಸರ್, ಎಲ್ಲ ಕಡೆಯೂ ಉತ್ತರವೇ ಉಂಟು" ಎಂದು ಮಕ್ಕಳು ವರದಿ ಒಪ್ಪಿಸಿದರು. ಗಂಟಿನ ಪಾಠದ ದಿನ ಒಂದು ಹುಡುಗಿ ಶಾಲೆಯ ಗಂಟೆಯ ಹಗ್ಗಕ್ಕೇ ಗಂಟು ಹಾಕಿದಳು. ಅದನ್ನು ಬಿಚ್ಚಲು ಮಾಸ್ಟ್ರಿಗೂ ಬರಲಿಲ್ಲ, ಆವತ್ತು ತಟ್ಟೆ ಬಡಿದು ಶಾಲೆ ಬಿಟ್ಟೆವು. ಬೆಂಕಿಯ ದಿನ ತೆಂಗಿನ ನಾರು ಇಟ್ಟುಕೊಂಡು ಕಲ್ಲಿಗೆ ಕಲ್ಲು ಬಡಿದು ಬಡಿದು ಎಲ್ಲರ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬಿಸಿಯೂಟದ ಅಡುಗೆಯ ಅಕ್ಕ ಬಂದು, ಸೊಂಟದಿಂದ ಬೆಂಕಿಪೆಟ್ಟಿಗೆ ತೆಗೆದು ಗೀರಿ, "ಇನ್ನೆಂತದಾದರೂ ಬೇಕಾ?" ಎಂದು ಕೇಳಿ ಹೋದರು.

ದಿಕ್ಸೂಚಿಯ ಕತೆಯೂ ಅಷ್ಟೇ. ಮಾಸ್ಟ್ರು ಅದನ್ನು ಅಂಗೈಯಲ್ಲಿಟ್ಟು ನೋಡಿ ಒಂದು ಕಡೆ ಕೈ ತೋರಿಸಿ, "ಇದು ಉತ್ತರ" ಎಂದು ಘೋಷಿಸುತ್ತಿದ್ದರು. ಈ ಕಡೆ ತಿರುಗಿದರೆ ಈ ಕಡೆ ಉತ್ತರ, ಆ ಕಡೆ ತಿರುಗಿದರೆ ಆ ಕಡೆ. ಸೂರ್ಯ ಒಂದು ಹೇಳುತ್ತಿದ್ದ, ಮಾಸ್ಟ್ರು ಇನ್ನೊಂದು ಹೇಳುತ್ತಿದ್ದರು. ಮೊಬೈಲಿನ ಮ್ಯಾಪು ನೋಡಿ ಎಂದು ನಾನು ಹೇಳಿದರೆ ಅದಕ್ಕೂ ಉತ್ತರ ತಯಾರಿತ್ತು. "ಅದು ನೀವು ಇಲ್ಲಿದ್ದೀರಿ ಅಂತ ನೀಲಿ ಚುಕ್ಕಿ ತೋರಸತೈತ್ರಿ. ಇಲ್ಲಿ ಅಂದ್ರ ಎಲ್ಲಿ ಅಂತ ಹೇಳಂಗಿಲ್ಲ."

ಆದರೆ ತಮ್ಮ ನಿಯಮವನ್ನು ಅವರು ಮುರಿದವರಲ್ಲ. ಒಮ್ಮೆ ತರಬೇತಿಗೆಂದು ಇಬ್ಬರೂ ಮಣಿಪಾಲಕ್ಕೆ ಹೋಗಿದ್ದೆವು. ಊಟಕ್ಕೆ ಬಿಟ್ಟಾಗ ಬೇರೆ ಬಾಗಿಲಿನಿಂದ ಹೊರಗೆ ಬಿದ್ದ ಮಾಸ್ಟ್ರು ಕಾಣೆಯಾದರು. ಹುಡುಕಿಕೊಂಡು ಹೋದರೆ ಪೇಟೆಯ ಒಂದು ಬಟ್ಟೆ ಅಂಗಡಿಯ ಎದುರು, ಕಾಲೇಜು ಹುಡುಗ ಹುಡುಗಿಯರು ಓಡಾಡುವ ಜಾಗದಲ್ಲಿ, ಒಂದು ಕಂಬವನ್ನು ತಬ್ಬಿಕೊಂಡು ಕೂತಿದ್ದಾರೆ! ಸೆಕ್ಯೂರಿಟಿಯವನು ಪಾಪ, ನೀರು ತಂದು ಕೊಟ್ಟಿದ್ದ.

"ಎಂತ ಮಾಸ್ಟ್ರೆ ಇದು, ಮರ್ಯಾದೆ ಉಂಟಾ?" ಎಂದೆ.

"ನಿಯಮ ಅಂದ್ರ ನಿಯಮರಿ ಅಕ್ಕಾರ. ಗಿಡ ಸಿಗಲಿಲ್ಲ, ಕಂಬ ಹಿಡಕೊಂಡೆ. ಕೂ ಹಾಕೋದಕ್ಕ ಬಾಯಿ ತೆಗದಿದ್ದೆ, ಅಷ್ಟರಾಗ ನೀವು ಬಂದ್ರಿ."

ನಾನು ಒಂದು ನಿಮಿಷ ತಡವಾಗಿ ಹೋಗಿದ್ದರೆ ಎಂದು ನೆನೆಸಿಕೊಂಡರೆ ಈಗಲೂ ಮೈ ಜುಂ ಎನ್ನುತ್ತದೆ.

ಇಂತಹ ಮನುಷ್ಯನ ತರಗತಿಯಲ್ಲಿ ಕೊನೆಗೆ ನಿಜವಾಗಿ ಕಳೆದುಹೋದದ್ದು ಯಾರು? ಮಕ್ಕಳಲ್ಲ. ಮಾಸ್ಟ್ರೂ ಅಲ್ಲ. ನಾನು.

ಮಳೆಗಾಲ ಮುಗಿದ ಮೇಲಿನ ಒಂದು ಶನಿವಾರ. ಮಾಸ್ಟ್ರು ಮೊದಲೇ ಹೋಗಿ ಗುಡ್ಡೆಯಲ್ಲಿ ಗುರುತು ಇಟ್ಟುಬಂದಿದ್ದರು. ಕಲ್ಲಿನ ಮೇಲೆ ಕಲ್ಲು, ಗಂಟು ಹಾಕಿದ ಹುಲ್ಲು, ನೆಲದಲ್ಲಿ ಕಡ್ಡಿಯ ಬಾಣ. ಮಕ್ಕಳು ತಂಡ ತಂಡವಾಗಿ ಅದನ್ನು ನೋಡಿಕೊಂಡು ತುದಿಯ ದೊಡ್ಡ ಗೇರುಮರ ಮುಟ್ಟಬೇಕು, ಅಲ್ಲಿ ಮಾಸ್ಟ್ರು ಕಡಲೆಮಿಠಾಯಿ ಹಿಡಿದುಕೊಂಡು ಕಾಯುತ್ತಾರೆ. ಸಾಲಿನ ಕೊನೆಯಲ್ಲಿ ನಾನು. ದಾರಿ ಬದಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಅರಳಿದ ಕೆಂಪು ಕೇಪಳ ಹೂವಿನ ಗೊಂಚಲು ಕಂಡಿತು. ಮನೆಯ ದೇವರಿಗೆ ಆಯಿತು ಎಂದು ಕೊಯ್ದೆ. ಆಚೆ ಇನ್ನೊಂದು ಗಿಡ. ಅದರಾಚೆ ಮತ್ತೊಂದು. ಸೆರಗು ತುಂಬಿ ತಲೆ ಎತ್ತಿದರೆ ಮಕ್ಕಳಿಲ್ಲ, ದಾರಿಯಿಲ್ಲ, ನಾನು ಬಂದದ್ದು ಎಲ್ಲಿಂದ ಎಂಬುದೂ ಇಲ್ಲ. ಮೊಬೈಲು ಸ್ಟಾಫ್ ರೂಮಿನಲ್ಲಿ ಚಾರ್ಜಿಗಿತ್ತು.

ಕೂತುಕೊಳ್ಳಬೇಕೆಂಬ ನಿಯಮ ನೆನಪಾಯಿತು. ಅದು ಮಕ್ಕಳಿಗೆ, ನನಗಲ್ಲ ಎಂದುಕೊಂಡು ನಡೆದೆ. ನಡೆದಷ್ಟೂ ಪೊದೆ. ಒಂದು ಕಡೆ ಹುಲ್ಲು ಹಸನಾಗಿ ಕಂಡಿತು, ಕಾಲಿಟ್ಟೆ. ಅಲ್ಲಿ ನೆಲ ಇರಲಿಲ್ಲ. ಮಣ್ಣು ಕುಸಿದು ಕಾಲು ಜಾರಿತು, ಬಲಗಾಲಿನ ಚಪ್ಪಲಿ ಹೋಗಿ ಕೆಳಗೆ ನೀರಿನಲ್ಲಿ ಬಿದ್ದ ಸದ್ದು ಕೇಳಿತು. ಕೈಗೆ ಸಿಕ್ಕಿದ ಒಂದು ಗೇರುಸಸಿ ನನ್ನನ್ನು ಹಿಡಿದುಕೊಂಡಿತು. ಹೂವೆಲ್ಲ ಕೋರೆಯ ಪಾಲಾಯಿತು. ಹಿಂದಕ್ಕೆ ತೆವಳಿ ಬಂದು ಕೂತೆ ನೋಡಿ, ಆವತ್ತು ಕೂತದ್ದು ಕೂತದ್ದೇ. ಎರಡನೆಯ ನಿಯಮ ಎಂದು ಪಕ್ಕದ ಮರವನ್ನು ತಬ್ಬಿಕೊಂಡೆ, ಅದರ ತುಂಬ ಕಚ್ಚುವ ಚಗಳಿ ಇರುವೆ. ತಬ್ಬುವ ಮೊದಲು ಮರವನ್ನು ನೋಡಬೇಕು ಎಂಬ ಉಪನಿಯಮ ಆಮೇಲೆ ಸೇರಿದ್ದು ನನ್ನ ಕೊಡುಗೆ.

ಅಷ್ಟರಲ್ಲಿ ಪೊದೆಯಾಚೆ ಮಕ್ಕಳ ಮಾತು ಕೇಳಿತು. ಜೀವ ಬಂದ ಹಾಗಾಯಿತು. ಈಗ ಕೂ ಹಾಕಬೇಕು. ಹೇಗೆ ಹಾಕುವುದು? ಅಜ್ಜಿ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಆದರೂ ಆಚೀಚೆ ನೋಡಿಕೊಂಡೆ. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು, ಮರ್ಯಾದಸ್ಥರ ಮನೆಯ ಹೆಂಗಸು ಹಾಕಬಹುದಾದಷ್ಟು ಸಣ್ಣದಾಗಿ ಒಂದು ಕೂ ಹಾಕಿದೆ. ಒಂದೇ ಒಂದು.

ಮಾತು ನಿಂತಿತು.

"ಕೇಳಿತಾ?"

"ಕೇಳಿತು ಮಾರಾಯ. ಇನ್ನೆರಡು ಬರ್ತದಾ ನೋಡುವ."

ಕೇಳಿಸಿತಲ್ಲ, ಇನ್ನು ಬರುತ್ತಾರೆ, ಮತ್ತೆ ಯಾಕೆ ಬೊಬ್ಬೆ ಹಾಕುವುದು ಎಂದು ನಾನು ಸೀರೆ ಸರಿಮಾಡಿಕೊಂಡು ಗಂಭೀರವಾಗಿ ಕೂತೆ.

"ಬರ್ಲಿಲ್ಲ."

"ಒಂದೇ! ಕುಲೆ, ಓಡು!"

ದಡದಡ ಓಡಿದರು. ನಾನೇ ಅ ಆ ತಿದ್ದಿಸಿದ ಮಕ್ಕಳು! ಓಡುವ ಸದ್ದು ದೂರವಾಗಿ ಕೊನೆಗೆ ಅದೂ ನಿಂತಿತು. ಆಗ ನನಗೆ ನಿಜವಾದ ಹೆದರಿಕೆ ಬಂತು. ಹಿಂದೆ ಆ ನೀರು, ಮುಂದೆ ಪೊದೆ, ಬೇರೆ ಒಂದು ಸದ್ದಿಲ್ಲ. ಮನೆಯಲ್ಲಿ ಒಲೆಯ ಬಳಿ ನೆನೆಹಾಕಿಟ್ಟು ಬಂದ ಉದ್ದು ನೆನಪಾಯಿತು, ಅದನ್ನು ಯಾರು ರುಬ್ಬುತ್ತಾರೆ ಎಂದು ಅಳು ಬಂತು. ಎದ್ದು ನಿಂತೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಎರಡೂ ಕೈ ಬಾಯಿಗೆ ಹಿಡಿದೆ. ಅಜ್ಜಿಯನ್ನೂ ಮಠದ ಓಣಿಯನ್ನೂ ಬದಿಗಿಟ್ಟು ಹಾಕಿದೆ ನೋಡಿ, ಕೂ! ಕೂ! ಕೂ! ಕಾಗೆಗಳು ಎದ್ದು ಹಾರಿದವು. ಪೆರ್ಡೂರು ಬಸ್ಸಿನ ಕಂಡಕ್ಟರಿಗೂ ಅದು ಕೇಳಿತ್ತು ಎಂದು ಜನ ಹೇಳುತ್ತಾರೆ, ಇದ್ದರೂ ಇರಬಹುದು. ಮರುಕ್ಷಣ ಗುಡ್ಡೆಯ ಎಲ್ಲ ಬದಿಯಿಂದ ಮಕ್ಕಳು ಓಗೊಟ್ಟರು. ಮೂರು ಮೂರು ಸಲ. ಅಷ್ಟು ಇಂಪಾದ ಸ್ವರವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಗೇರುಮರದ ಬಳಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಓಡಿದ ಮಕ್ಕಳು ಮಾಸ್ಟ್ರ ಹತ್ತಿರ ಹೋಗಿ ಕುಲೆ ಕೂಗಿತೆಂದು ಹೇಳಿದ್ದಾರೆ. ಮಾಸ್ಟ್ರು ಕಡಲೆಮಿಠಾಯಿ ಕೆಳಗೆ ಬಿಸಾಡಿ, "ದೆವ್ವಕ್ಕ ಅಷ್ಟ ನಾಚಿಕಿ ಎಲ್ಲೈತ್ರಲೇ? ಅದು ನಮ್ಮ ಅಕ್ಕಾರು!" ಎಂದು ಓಡಿದ್ದಾರೆ. ಓಡಿದ್ದು ವಿರುದ್ಧ ದಿಕ್ಕಿಗೆ. ರೇಣುಕಾ ಹಿಂದಿನಿಂದ ಅಂಗಿ ಹಿಡಿದೆಳೆದು, "ಸರ್, ಈಚೆ" ಎಂದು ತಿರುಗಿಸಿದ್ದಾಳೆ.

ಪೊದೆ ಸೀಳಿಕೊಂಡು ಬಂದ ಮಾಸ್ಟ್ರು ಮೊದಲು ನನ್ನನ್ನು ನೋಡಿದರು, ಆಮೇಲೆ ಕೆಳಗೆ ನೀರಿನಲ್ಲಿ ತೇಲುತ್ತಿದ್ದ ಚಪ್ಪಲಿಯನ್ನು ನೋಡಿದರು. ನನ್ನ ಪಕ್ಕದಲ್ಲಿಯೇ ಕೂತರು. ಸೀಟಿಯೂ ದಿಕ್ಸೂಚಿಯೂ ಟಕಟಕ ಬಡಿದುಕೊಳ್ಳುತ್ತಿದ್ದವು. ಬೈಯುತ್ತಾರೆ ಎಂದುಕೊಂಡಿದ್ದೆ.

"ಕುಂತ್ರಲ್ಲ ಅಕ್ಕಾರ," ಎಂದರು ಕೊನೆಗೆ. "ಕುಂತ್ರಿ. ಅಷ್ಟ ಸಾಕು."

ಬೈದದ್ದು ರೇಣುಕಾ. "ಒಂದೇ ಸಲ ಯಾಕೆ ಕೂಗಿದ್ದು ಟೀಚರ್?"

"ನಾಚಿಕೆ ಆಯಿತು."

"ಕಳೆದುಹೋಗಲಿಕ್ಕೆ ನಾಚಿಕೆ ಆಗ್ಲಿಲ್ವಾ?"

ಇಳಿಯುವಾಗ ಮಾಸ್ಟ್ರು ಒಮ್ಮೆಯೂ ದಿಕ್ಸೂಚಿ ನೋಡಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಯಾರೇ ಒಬ್ಬರು ಕಳೆದುಹೋದರೂ ಬಂದ್. "ಯಾರಿಗೂ ಹೇಳುವುದು ಬೇಡ ಮಾಸ್ಟ್ರೆ" ಎಂದೆ. "ಹುಡುಗ್ರಿಗೆ ಸುಳ್ಳ ಹೇಳ್ರಿ ಅನ್ನಲೇನ್ರಿ?" ಎಂದರು. ಹೇಳಿದ್ದರೂ ಉಪಯೋಗವಿರಲಿಲ್ಲ. ನಾವು ಗೇಟು ಮುಟ್ಟುವ ಮೊದಲೇ ಅಡುಗೆಯ ಅಕ್ಕನಿಗೆ ಗೊತ್ತಿತ್ತು, ಸಂಜೆಯೊಳಗೆ ಹಾರ್ಡ್‌ವೇರ್ ಅಂಗಡಿಗೂ ಮುಟ್ಟಿತ್ತು.

ಸೋಮವಾರ ಸಮಿತಿಯ ಸಭೆ. ಅಧ್ಯಕ್ಷರು ಕೈಕಟ್ಟಿ ಕೂತು, "ನಾನು ಮೊದಲೇ ಹೇಳಿದ್ದೆನಾ ಇಲ್ಲವಾ?" ಎಂದರು. ಮಾಸ್ಟ್ರು ಎದ್ದು ನಿಂತರು. ವಾದ ಮಾಡಲಿಲ್ಲ. ಕೊರಳಿನ ದಾರ ತೆಗೆದು, ಸೀಟಿ ದಿಕ್ಸೂಚಿ ಎರಡನ್ನೂ ಮೇಜಿನ ಮೇಲೆ ಇಟ್ಟರು. ದಾರವಿಲ್ಲದ ಅವರ ಹೊಟ್ಟೆ ಯಾರದೋ ಬೇರೆಯವರದು ಎಂಬ ಹಾಗೆ ಕಂಡಿತು. ನಿಜ ಹೇಳುತ್ತೇನೆ, ಆ ತರಗತಿ ನಿಂತರೆ ಊರಿನಲ್ಲಿ ಎಲ್ಲರಿಗಿಂತ ಸುಖ ಆಗುವುದು ನನಗೇ. ಶನಿವಾರ ಫ್ಯಾನಿನ ಕೆಳಗೆ ಕೂರಬಹುದಿತ್ತು. ಆದರೆ ಬಾಯಿ ತಾನಾಗಿ ಬಿಟ್ಟುಕೊಂಡಿತು.

"ಅಧ್ಯಕ್ಷರೇ, ಮಕ್ಕಳು ಯಾರೂ ಕಳೆದುಹೋಗಲಿಲ್ಲ. ಕಳೆದುಹೋದದ್ದು ಕಲಿಯದೆ ಆಕಾಶ ನೋಡಿದ ನಾನು. ತರಗತಿ ಬಂದ್ ಮಾಡಿದರೆ ಮಕ್ಕಳು ಗುಡ್ಡೆ ಹತ್ತುವುದು ಬಂದ್ ಆಗ್ತದಾ? ರಜೆಯಲ್ಲಿ ಹೋಗ್ತಾರೆ, ಯಾರೂ ಇಲ್ಲದಾಗ ಹೋಗ್ತಾರೆ. ಆ ಕೋರೆಗೆ ಒಂದು ತಂತಿ ಉಂಟಾ? ನನ್ನ ಚಪ್ಪಲಿ ಈಗಲೂ ಆ ನೀರಿನಲ್ಲಿ ಉಂಟು, ಬೇಕಾದರೆ ಹೋಗಿ ನೋಡಿ. ನಾನೂ ಅದರ ಪಕ್ಕ ಇರಬೇಕಿತ್ತು. ಇಲ್ಲದೇ ಇರುವುದು ಇವರ ಒಂದು ನಿಯಮದಿಂದ."

ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದು, ಮುಂದೆ ಏನು ಹೇಳಿದೆನೆಂದು ನೆನಪಿಲ್ಲ. ಅಧ್ಯಕ್ಷರು ಎದ್ದು, ರೇಣುಕಾಳನ್ನು ದಾರಿ ತೋರಿಸಲು ಕರೆದುಕೊಂಡು ಗುಡ್ಡೆ ಹತ್ತಿದರು. ಹಿಂದಿರುಗಿ ಬಂದಾಗ ಪ್ಯಾಂಟಿಗೆಲ್ಲ ಮುಳ್ಳು, ಮುಖ ಬಿಳಿಚಿತ್ತು. "ಚಪ್ಪಲಿ ಉಂಟು" ಎಂದರು. ನೀರು ಕುಡಿದರು. ಆ ವಾರವೇ ಅವರ ಅಂಗಡಿಯ ತಂತಿ ಕೋರೆಯ ಸುತ್ತ ಬಿತ್ತು. ಆವತ್ತು ಹೊರಡುವ ಮೊದಲು ಮೇಜಿನ ಮೇಲಿದ್ದ ದಾರವನ್ನು ತಾವೇ ಎತ್ತಿ ಮಾಸ್ಟ್ರ ಕೈಗೆ ಕೊಟ್ಟು ಅವರು ಹೇಳಿದ್ದಿಷ್ಟು: "ಕ್ಲಾಸ್ ಮಾಡಿ ಮಾಸ್ಟ್ರೆ. ಆದರೆ ಮೊದಲು ಟೀಚರಿಗೆ ಕಲಿಸಿ."

ಅಂದಿನಿಂದ ಸಾಲಿನ ಮಧ್ಯೆ ನನ್ನನ್ನು ನಿಲ್ಲಿಸಿ, ರೇಣುಕಾ ಕೈಹಿಡಿದುಕೊಂಡು ನಡೆಸುತ್ತಿದ್ದಳು. ಕೂ ಹಾಕುವ ಅಭ್ಯಾಸದಲ್ಲಿ ನಾನೇ ಮೊದಲಿಗಳಾದೆ. ಮುಂದಿನ ವರ್ಷ ಕಾಪುವಿಗೆ ಪ್ರವಾಸ ಹೋದಾಗ ಮೂರನೆಯ ತರಗತಿಯ ಒಬ್ಬ ಹುಡುಗ ದೀಪಸ್ತಂಭವನ್ನು ಬಾಯಿ ಬಿಟ್ಟು ನೋಡುತ್ತಾ ಹಿಂದೆ ಉಳಿದ. ಜನಜಂಗುಳಿ, ಪಕ್ಕದಲ್ಲಿ ಕಡಲು. ನಮ್ಮ ಎದೆ ಒಡೆದುಹೋಗಬೇಕು, ಅಷ್ಟರಲ್ಲಿ ಕೇಳಿತು ಮೂರು ಕೂ. ಹೋಗಿ ನೋಡಿದರೆ ಮರ ಸಿಗದೆ ಐಸ್‌ಕ್ರೀಮ್ ಗಾಡಿಯ ಚಕ್ರ ತಬ್ಬಿಕೊಂಡು ಕೂತಿದ್ದಾನೆ. ಗಾಡಿಯವನು, "ನಿಮ್ಮವನಾ ಇವ? ಬಿಡಿಸಿ ಮಾರಾಯ್ರೆ, ನನಗೆ ವ್ಯಾಪಾರ ಉಂಟು" ಎಂದು ಕೈಮುಗಿದ. ಮಾಸ್ಟ್ರು ಆ ಗಾಡಿಯ ಎಲ್ಲ ಐಸ್‌ಕ್ಯಾಂಡಿ ಮಕ್ಕಳಿಗೆ ಕೊಡಿಸಿದರು. ಕಡಲಿನ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡರು, ಉಪ್ಪುಗಾಳಿ ಎಂದರು.

ಕೆಲವು ವರ್ಷಗಳಾದ ಮೇಲೆ ಅವರಿಗೆ ಊರಿಗೆ ವರ್ಗವಾಯಿತು. ಹೊರಡುವ ದಿನ ಸ್ಟಾಫ್ ರೂಮಿನಲ್ಲಿ ದಾರ ಬಿಚ್ಚಿ, ಸೀಟಿಯನ್ನು ತಾವು ಕಿಸೆಗೆ ಹಾಕಿಕೊಂಡು ದಿಕ್ಸೂಚಿಯನ್ನು ನನ್ನ ಮೇಜಿನ ಮೇಲಿಟ್ಟರು. ಸೂಜಿ ಸುತ್ತಿತು, ಒದ್ದಾಡಿತು, ನಿಂತಿತು. ಮೇಜನ್ನು ಈ ಕಡೆ ತಿರುಗಿಸಿದೆವು, ಆ ಕಡೆ ತಿರುಗಿಸಿದೆವು. ಸೂಜಿ ಶೌಚಾಲಯದ ದಿಕ್ಕು ಬಿಟ್ಟು ಕದಲಲಿಲ್ಲ. ಮಾಸ್ಟ್ರು ಕಿಸೆಯಿಂದ ಸೀಟಿ ತೆಗೆದು ಹತ್ತಿರ ಹಿಡಿದರು. ಸೂಜಿ ಸರಕ್ಕನೆ ತಿರುಗಿ ಸೀಟಿಯನ್ನು ನೋಡಿತು.

ಸೀಟಿಯನ್ನು ದೂರ ಒಯ್ದರು, ಸೂಜಿ ಮತ್ತೆ ಶೌಚಾಲಯದ ಕಡೆಗೇ ತಿರುಗಿತು.

"ಹಂಗಾರ ಉತ್ತರ ಅಲ್ಲೈತೇನ್ರಿ," ಎಂದರು ಮೆಲ್ಲಗೆ. "ಇಷ್ಟ ವರ್ಷ ನನ್ನ ಹೊಟ್ಟೀನ ಉತ್ತರ ಅಂತ ತಿಳಕೊಂಡು ನಡದೀನಿ."

ನಾವಿಬ್ಬರೂ ನಕ್ಕ ನಗೆಗೆ ಪಕ್ಕದ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಬಂದು ನಿಂತರು. ನಗುತ್ತಾ ನಗುತ್ತಾ ಇಬ್ಬರಿಗೂ ಕಣ್ಣೀರು ಬಂತು, ಯಾವುದು ನಗೆಯದು, ಯಾವುದು ಹೊರಡುವುದರದು ಎಂದು ಕೇಳಬೇಡಿ.

ಊರಿಗೆ ಹೋದ ಮೇಲೂ ಶನಿವಾರ ತಪ್ಪದೆ ಫೋನು ಬರುತ್ತಿತ್ತು. "ಅಕ್ಕಾರ, ಗುಡ್ಡಕ್ಕ ಹೋದ್ರಿ? ಎಲ್ಲಾರೂ ವಾಪಸ್ ಬಂದ್ರಿ?" ಬಂದೆವು ಎಂದರೆ ಸಮಾಧಾನ. ಅಲ್ಲಿ ಹೇಗುಂಟು ಮಾಸ್ಟ್ರೆ ಎಂದು ಕೇಳಿದರೆ ನಿಟ್ಟುಸಿರು. "ಏನ್ ಹೇಳಲಿರಿ. ಇಲ್ಲಿ ಕಳಕೊಳ್ಳಾಕ ಜಾಗಾನ ಇಲ್ಲ. ಎತ್ತಾಗ ಹೊಂಟ್ರೂ ಊರು ಕಾಣತೈತಿ. ಬ್ಯಾಸರ ಬರತೈತ್ರಿ."

ಈ ವರ್ಷ ಮಳೆ ಬಿಟ್ಟ ಮೇಲೆ ಒಂದು ಶುಕ್ರವಾರ ಅವರ ನಂಬರಿನಿಂದ ಫೋನು ಬಂತು. ಶುಕ್ರವಾರ ಅವರು ಮಾಡುವವರಲ್ಲ. ಮಾತಾಡಿದ್ದು ಅವರ ಹೆಂಡತಿ. ಹಿಂದಿನ ರಾತ್ರಿ ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟಲಿಲ್ಲ. ನಿಮ್ಮ ಗುಡ್ಡದ ಸುದ್ದಿ ದಿನಾ ಹೇಳತಿದ್ರು ಎಂದು ಆಕೆ ಅತ್ತರು.

ಮರುದಿನ ಶನಿವಾರ. ಹೋಗುವುದು ಬೇಡ ಎಂದುಕೊಂಡೆ, ಆದರೆ ಮಕ್ಕಳು ಆಗಲೇ ಸಾಲಾಗಿ ನಿಂತಿದ್ದರು. ಈಗಿರುವ ಮಕ್ಕಳಲ್ಲಿ ಅವರನ್ನು ನೋಡಿದವರಿಲ್ಲ. ರೇಣುಕಾ ಕಾಲೇಜಿಗೆ ಹೋಗುತ್ತಾಳೆ. ಇವರಿಗೆ ಗೊತ್ತಿರುವುದು ನಿಯಮ ಮಾತ್ರ. ನನ್ನ ಕೊರಳಿನಲ್ಲಿ ದಿಕ್ಸೂಚಿ, ಸೀಟಿಯಿಲ್ಲದೆ. ತುದಿಯ ಗೇರುಮರದ ಕೆಳಗೆ ಎಲ್ಲರೂ ಒಟ್ಟಾಗಿ ಅಭ್ಯಾಸದ ಮೂರು ಕೂ ಹಾಕಿದೆವು. ಹಾಕಿ ಮುಗಿಸಿ ನೀರಿನ ಬಾಟಲಿ ತೆಗೆಯುತ್ತಿದ್ದೇವೆ, ಕೋರೆಯ ಕಡೆಯಿಂದ ಒಂದು ಕೂ ಬಂತು. ದನ ಹುಡುಕುವವರೋ, ಪೊದೆಯ ಹಕ್ಕಿಯೋ, ನನಗೆ ಗೊತ್ತಿಲ್ಲ. ಕಾದೆವು. ಎರಡನೆಯದು ಬರಲಿಲ್ಲ.

ಎರಡನೆಯ ತರಗತಿಯ ಒಂದು ಹುಡುಗಿ ನನ್ನ ಸೆರಗು ಹಿಡಿದು ಪಿಸುಗುಟ್ಟಿದಳು: "ಒಂದೇ ಟೀಚರ್. ಓ ಅನ್ನಬಾರದು."

ಅನ್ನಬಾರದು, ಹೌದು. ನಾನೇ ಹೇಳಿಕೊಟ್ಟದ್ದು. ಆದರೆ ಆ ಮನುಷ್ಯನಿಗೆ ಎಲ್ಲಿಗೆ ಹೋದರೂ ದಾರಿ ತಪ್ಪುತ್ತದೆ, ಯಾರಾದರೂ ಓಗೊಡಬೇಕಲ್ಲ. ನಾನು ಎರಡೂ ಕೈ ಬಾಯಿಗೆ ಹಿಡಿದು ಆ ಕಡೆಗೆ ಕೂ ಹಾಕಿದೆ, ಮೂರು ಸಲ.